ಬೆನ್ನಿನ ಸೂಜಿ, ಬೀಗತಿಯ ಟೊಂಕ

ಸೂಜಿ ಬೆನ್ನೊಳಗೇ ಮುರಿಯಬಹುದು. ಮಗಳ ಕಾಲು ಹೋಗಬಹುದು. ಕೂಸು ಅಳದೇ ಹುಟ್ಟಬಹುದು. ಭಾಲ್ಕಿಯಿಂದ ಬೀದರಕ್ಕೆ ಬರುವಾಗ ಗಾಡಿ ಪಂಕ್ಚರ್ ಆಗಿ ಹೆರಿಗೆ ತೊಗರಿ ಹೊಲದಲ್ಲೇ ಆಗಬಹುದು. ಬೆನ್ನುನೋವು ಜೀವಮಾನ ಅಂಟಿಕೊಂಡು, ಔರಾದದ ಬೀಗರು ಹಬ್ಬಕ್ಕೊಮ್ಮೆ ಅದನ್ನು ನನ್ನ ತಲೆಗೆ ಕಟ್ಟಬಹುದು. ಚೊಚ್ಚಲ ಹೆರಿಗೆ ತವರಿನದು. ಏನು ಕೆಟ್ಟರೂ ಕೆಡಿಸಿದವಳು ನಾನೇ. ಚಿಂತಿ ಮಾಡಲು ಒಂಬತ್ತು ತಿಂಗಳು ಸಿಕ್ಕಿತ್ತು, ಒಂದು ದಿನವನ್ನೂ ಹಾಳು ಮಾಡಲಿಲ್ಲ.

ಬೀದರದ ಆಸ್ಪತ್ರೆಯಲ್ಲಿ ಮಗಳು ಮಂಚದ ಸರಳು ಹಿಡಿದು, ಇನ್ನು ತಡೆಯಲು ಆಗದು, ನೋವು ಇಳಿಸುವ ಸೂಜಿ ಬೇಕೇ ಬೇಕು ಅಂದಳು. ಅರಿವಳಿಕೆಯ ಡಾಕ್ಟರಮ್ಮ ಬಂದು ಎರಡು ಬಗೆ ತಿಳಿಸಿದರು. ಒಂದರಲ್ಲಿ ಬೆನ್ನಿಗೆ ತೆಳ್ಳನೆಯ ನಳಿಕೆ ಇಟ್ಟು ಔಷಧ ಬಿಡುತ್ತಾರೆ. ಬ್ಯಾಳಿ ಬೇಯುವ ಹೊತ್ತಿಗೆ ನೋವು ಇಳಿಯುತ್ತದೆ. ಇನ್ನೊಂದರಲ್ಲಿ ಮೊದಲು ಇನ್ನಷ್ಟು ಒಳಗೆ ಸಣ್ಣದೊಂದು ಡೋಸು, ಆಮೇಲೆ ಅದೇ ನಳಿಕೆ. ಚಹಾ ಕುದಿಯುವುದರೊಳಗೆ ಆರಾಮ. ಮುಂದೆ ಎರಡೂ ಹೆಚ್ಚುಕಡಿಮೆ ಒಂದೇ.

ಯಾವುದರಲ್ಲಿ ಟೊಂಕ ಹೋಗುವುದಿಲ್ಲ ಎಂದು ಕೇಳಿದೆ. ಎರಡರಲ್ಲೂ ಹೋಗುವುದಿಲ್ಲ ಅಂದರು. ಮತ್ತೆ ಕೇಳಿದೆ. ಅದನ್ನೇ ಅಂದರು. ಮತ್ತೊಮ್ಮೆ ಬಾಯಿ ತೆಗೆಯುವಷ್ಟರಲ್ಲಿ ಅಷ್ಟೊತ್ತೂ ಮೂಲೆಯಲ್ಲಿ ಕೂತಿದ್ದ ಬೀಗತಿ ಎದ್ದರು. ಇಷ್ಟೆಲ್ಲ ಕೇಳುತ್ತಿದ್ದದ್ದೇ ಅವರ ಬಾಯಿಗೆ ಹೆದರಿ.

"ನಾಕು ಹಡದೀನ್ರಿ ಅಕ್ಕಾ, ಒಂದು ಸೂಜಿ ಕಂಡಿಲ್ಲ. ಆದ್ರೂ ನನ್ನ ಟೊಂಕ ಹೋಗ್ಯಾದ. ಯಾರ ಮ್ಯಾಲ ಕೇಸ್ ಹಾಕ್ಲಿ?"

ಅಷ್ಟರಲ್ಲಿ ಇನ್ನೊಂದು ನೋವು ಬಂದು ಹೋಯಿತು. ಮಗಳು ಉಸಿರು ಎಳೆದುಕೊಂಡು, "ಅವ್ವಾ, ಬೆನ್ನು ನಂದದ. ಲಗೂ ಆಗೋದೇ ಕೊಡ್ರಿ ಮೇಡಂ," ಅಂದಳು.

"ಉಳದ್ರ ಇವ್ರಿಗೂ ಒಂದೀಟು ಕೊಡ್ರಿ," ಅಂದರು ಬೀಗತಿ, ನನ್ನ ಕಡೆ ಕೈ ಮಾಡಿ.

ಸೂಜಿ ಮುರಿಯಲಿಲ್ಲ. ಮಗಳ ಹುಬ್ಬಿನ ಗಂಟು ಸಡಿಲಾಯಿತು. ನನ್ನ ಮುಖ ನೋಡಿ, ಕೇಳದಿದ್ದರೂ ಕಾಲ್ಬೆರಳು ಅಲ್ಲಾಡಿಸಿ ತೋರಿಸಿದಳು. ಮಧ್ಯಾಹ್ನ ಮೊಮ್ಮಗಳು ವಾರ್ಡು ಕಿತ್ತುಹೋಗುವಂತೆ ಅಳುತ್ತ ಬಂದಳು.

ಕೆಟ್ಟದ್ದು ಒಂದೇ. ಸೂಜಿ ಕೊಟ್ಟಾಗಿನಿಂದ ಮಗಳಿಗೆ ಮೂಗಿನ ತುದಿ ತುರಿಸುತ್ತಿತ್ತು. ಔಷಧದ ಗುಣ, ತಾನೇ ಹೋಗುತ್ತದೆ ಅಂದರು ಡಾಕ್ಟರಮ್ಮ. ತುರಿಕೆ ಹೋಗುವ ಮೊದಲೇ ಫೋಟೋ ತೆಗೆಯಲಾಯಿತು. ಅದರಲ್ಲಿ ಮಗಳ ಎರಡೂ ಕೈಯಲ್ಲಿ ಕೂಸು. ಬೀಗತಿ ಬಗ್ಗಿ, ಸೆರಗಿನ ತುದಿಯಿಂದ ಸೊಸೆಯ ಮೂಗು ಕೆರೆಯುತ್ತಿದ್ದಾರೆ.