ಒಂದು ತಪ್ಪಿಗೆ ಒಂದು ತುತ್ತು

ಸಿಡ್ನಿಯ ಗಿರಾವೀನ್‌ನಲ್ಲಿರುವ ಅಕ್ಕನ ಮಗನ ಮನೆಗೆ ನಾನು ಹೋದದ್ದು ಮೂರು ವಾರಕ್ಕೆಂದು. ನಮ್ಮ ಮನೆ ಇರುವ ಟಾರ್ನೀಟ್‌ನಲ್ಲಿ ನಮ್ಮವರಿಗೆ ಸಾರಿನಪುಡಿ, ಹುಳಿಪುಡಿ ಮಾಡಿಟ್ಟು, ದೇವರ ಮುಂದೆ ದೀಪ ಹಚ್ಚುವುದನ್ನು ಮರೆಯಬೇಡಿ ಎಂದು ಎರಡು ಸಲ ಹೇಳಿ ವಿಮಾನ ಹತ್ತಿದೆ. ಉಳಿದದ್ದು ಎಂಟು ತಿಂಗಳು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಬೆಂಗಳೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ರಿಟೈರ್ ಆಗುವವರೆಗೂ ಫ್ರೆಂಚ್ ಕಲಿಸಿದವಳು. ಭಾವ ತೀರಿಕೊಂಡ ಮೇಲೆ ಮಗನ ಹತ್ತಿರ ಬಂದಳು. ಬಂದ ಕೆಲವು ವರ್ಷಕ್ಕೆ ಮರೆವಿನ ಕಾಯಿಲೆ ಶುರುವಾಯಿತು. ಮೊದಲು ಊರುಗಳು ಹೋದವು, ಆಮೇಲೆ ಭಾವ ಹೋದದ್ದೇ ಮರೆಯಿತು, ಆಮೇಲೆ ನಾನು. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಈಗ ಊಟ ಬಿಟ್ಟಿದ್ದಳು. ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಎಷ್ಟು ನಯವಾಗಿ ಕೇಳಿಕೊಂಡರೂ ತುಟಿ ಬಿಗಿದುಕೊಂಡು ಮುಖ ತಿರುಗಿಸುವಳು, ಒಮ್ಮೊಮ್ಮೆ ತಟ್ಟೆ ತಳ್ಳುವಳು.

ಏರ್‌ಪೋರ್ಟಿನಿಂದ ಕರೆದುಕೊಂಡು ಬರುವಾಗ ಕಾರಿನಲ್ಲೇ ಅಕ್ಕನ ಮಗ ಹೇಳಿದ: "ತೂಕ ನಲವತ್ತಕ್ಕೆ ಬಂದಿದೆ ಚಿಕ್ಕಮ್ಮ. ಇನ್ನೂ ಇಳಿದ್ರೆ ಮನೇಲಿ ಇಟ್ಕೊಳೋದು ಕಷ್ಟ ಅಂದ್ರು ಡಾಕ್ಟರ್. ನರ್ಸಿಂಗ್ ಹೋಮ್‌ಗೆ ಫಾರ್ಮ್ ತುಂಬಿಟ್ಟಿದೀನಿ. ಕಳಿಸೋಕೆ ಮನಸ್ಸು ಬರ್ತಿಲ್ಲ."

"ಫಾರ್ಮ್ ಹಾಗೇ ಇರಲಿ. ನಾನು ಬಂದಿದೀನಲ್ಲ" ಎಂದೆ. ನನಗೆ ಬರುವುದೇ ಅಡುಗೆ. ನಾನು ಬಡಿಸಿದರೆ ಯಾರೂ ಬೇಡ ಅಂದದ್ದಿಲ್ಲ ಎಂಬ ಸಣ್ಣ ಜಂಬವೂ ಇತ್ತು.

ನಾಲ್ಕೇ ದಿನದಲ್ಲಿ ಆ ಜಂಬ ಇಳಿಯಿತು. ಮೆಂತ್ಯದ ಹಿಟ್ಟು ಕಲಸಿದೆ, ಹೆಸರುಬೇಳೆ ಪಾಯಸ ಮಾಡಿದೆ, ಅಮ್ಮ ಮಾಡುತ್ತಿದ್ದ ಹಾಗೆ ಗೊಜ್ಜವಲಕ್ಕಿ ಮಾಡಿದೆ. ಅಕ್ಕ ನನ್ನನ್ನು ಹೊಸ ಕೆಲಸದವಳನ್ನು ನೋಡಿದ ಹಾಗೆ ನೋಡಿದಳು. "ಅಕ್ಕ, ಒಂದೇ ಒಂದು ತುತ್ತು" ಎಂದರೆ ಮುಖ ಕಿಟಕಿಯ ಕಡೆಗೆ.

ಐದನೆಯ ದಿನ ಮಧ್ಯಾಹ್ನ ಮೊಸರನ್ನ ಹಿಡಿದು ಎದುರಿಗೆ ಕೂತಿದ್ದೆ. ಅವಳು ಇದ್ದಕ್ಕಿದ್ದಂತೆ ಬೆನ್ನು ನೆಟ್ಟಗೆ ಮಾಡಿ, "ಎಲ್ಲಿ, ಒಪ್ಪಿಸು. ಪಾರ್ಲೆ. ಪಾಸೆ ಸ್ಯಾಂಪ್ಲ್" ಎಂದಳು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. "ಓದ್ಕೊಂಡು ಬಂದಿಲ್ವಾ? ಜ ಪಾರ್ಲೆ, ತ್ಯೂ ಪಾರ್ಲಾ, ಈಲ್ ಪಾರ್ಲಾ. ಮುಂದೆ?" ಬಾಯಿಗೆ ಬಂದದ್ದು ಹೇಳಿದೆ, "ನೂ ಪಾರ್ಲಾ" ಎಂದು. "ರಾಂಗ್. ನೂ ಪಾರ್ಲಾಮ್" ಎಂದು ತಿದ್ದಿದಳು. ತಿದ್ದಿ ಮುಗಿಸಿದ ಮೇಲೂ ಅವಳ ಬಾಯಿ ಅರೆ ತೆರೆದೇ ಇತ್ತು, ನನ್ನ ಉತ್ತರಕ್ಕೆ ಕಾಯುತ್ತ. ಚಮಚ ಒಳಗಿಟ್ಟೆ. ನುಂಗಿದಳು. ನುಂಗಿ, "ಹೂಂ, ಮುಂದೆ" ಎಂದಳು.

ಅವತ್ತು ಏಳು ಚಮಚ ಹೋಯಿತು. ಅಡುಗೆಮನೆಗೆ ಹೋಗಿ ದೇವರ ಗೂಡಿನ ಮುಂದೆ ಕೈಮುಗಿದು ನಿಂತೆ. ಏಳು ಚಮಚ ಅಂದರೆ ಏನು ಎಂದು ಅದು ಇಲ್ಲದ ಮನೆಯವರಿಗೇ ಗೊತ್ತು.

ಸಂಜೆ ಅಕ್ಕನ ಮಗ ವಿವರಿಸಿದ. ಪಾರ್ಲೆ ಅಂದರೆ ಮಾತಾಡುವುದಂತೆ. ಪಾಸೆ ಸ್ಯಾಂಪ್ಲ್ ಅಂದರೆ ಒಂದು ಭೂತಕಾಲ, ಫ್ರೆಂಚರು ಬಾಯಲ್ಲಿ ಆಡುವುದಿಲ್ಲ, ಕಥೆಪುಸ್ತಕದಲ್ಲಿ ಮಾತ್ರ ಬರೆಯುತ್ತಾರಂತೆ. ನಾವು "ರಾಜನು ಬಂದನು" ಎಂದು ಓದಿ, ಮನೆಯಲ್ಲಿ "ಅವನು ಬಂದ" ಅನ್ನುವುದಿಲ್ಲವೆ, ಹೆಚ್ಚುಕಡಿಮೆ ಹಾಗೆ. ಪಿಯುಸಿ ಹುಡುಗಿಯರಿಗೆ ಅದೇ ದೊಡ್ಡ ತಲೆನೋವಾದ್ದರಿಂದ ಅಕ್ಕ ದಿನವೂ ಅದನ್ನು ಒಪ್ಪಿಸಿಕೊಂಡೇ ಪಾಠ ಶುರುಮಾಡುತ್ತಿದ್ದಳಂತೆ.

"ಅಮ್ಮ ನಿಮ್ಮನ್ನ ಸ್ಟೂಡೆಂಟ್ ಅನ್ಕೊಂಡಿದಾಳೆ, ಚಿಕ್ಕಮ್ಮ."

"ಅನ್ಕೊಳ್ಳಲಿ ಬಿಡಪ್ಪ. ತಿಂದಳಲ್ಲ."

ಹೀಗೆ ನಾನು ಅರವತ್ತೆರಡನೆಯ ವಯಸ್ಸಿನಲ್ಲಿ ಅಕ್ಕನ ಕ್ಲಾಸು ಸೇರಿದೆ. ಬೆಳಿಗ್ಗೆ ಹತ್ತಕ್ಕೆ ಒಂದು, ಮಧ್ಯಾಹ್ನ ಒಂದು, ದೀಪ ಹಚ್ಚಿದ ಮೇಲೆ ಒಂದು. "ಅಕ್ಕ" ಅಂದರೆ ಸಿಟ್ಟಾಗುತ್ತಿದ್ದಳು: "ಅಕ್ಕ ಗಿಕ್ಕ ಎಲ್ಲ ಮನೇಲಿ. ಇಲ್ಲಿ ಮಿಸ್ ಅನ್ನು." ಮಿಸ್ ಅಂದೆ. ಆಮೇಲೆ ಅದೇ ಅಭ್ಯಾಸವಾಯಿತು. ಒಂದು ಸಲ ಸ್ನಾನ ಮಾಡಿಸಿ ತಲೆ ಬಾಚುವಾಗ ಅವಳೇ ಕೇಳಿದಳು: "ನಿನ್ನದು ಯಾವೂರಮ್ಮ?"

"ಮೈಸೂರು, ಮಿಸ್."

"ನನ್ನ ತಂಗೀನೂ ಅಲ್ಲೇ ಇರೋದು. ಸ್ವಲ್ಪ ಮೊದ್ದು. ನನಗೂ ಫ್ರೆಂಚ್ ಹೇಳ್ಕೊಡು ಅಂತ ಗಂಟು ಬಿದ್ದಿದ್ದಳು. ನಿನ್ನ ತಲೆಗೆ ಹತ್ತಲ್ಲ ಹೋಗೇ ಅಂದಿದ್ದೆ. ನೀನು ವಾಸಿ."

ಅವಳು ಹಾಗೆ ಅಂದದ್ದು ನಿಜ. ನನಗೆ ಆಗ ಹದಿನಾಲ್ಕು, ಮೂರು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ. ಈಗ ಬಾಚಣಿಗೆ ಹಿಡಿದುಕೊಂಡು ನಿಂತವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೊದ್ದಾದರೂ ಒಬ್ಬಳು ತಂಗಿ ಇದ್ದಾಳೆ ಎನ್ನುವುದು ಅವಳ ತಲೆಯಲ್ಲಿ ಉಳಿದಿದೆಯಲ್ಲ ಎಂದುಕೊಂಡೆ. ರಾತ್ರಿ ಮಲಗುವ ಮುಂಚೆ ದೇವರಿಗೆ ಆ ದಿನದ ಒಳ್ಳೆಯದನ್ನೆಲ್ಲ ಒಂದೊಂದಾಗಿ ಹೇಳುವುದು ನನ್ನ ರೂಢಿ. ಅವತ್ತು ಅದನ್ನೂ ಸೇರಿಸಿ ಹೇಳಿದೆ.

ಮೂರನೆಯ ತಿಂಗಳಲ್ಲಿ ನಮ್ಮವರಿಗೆ ಕಣ್ಣಿನ ಪೊರೆಯ ಆಪರೇಷನ್. ಹತ್ತು ದಿನಕ್ಕೆ ಟಾರ್ನೀಟ್‌ಗೆ ಬಂದೆ. ಆ ಹತ್ತು ದಿನ ಅಕ್ಕನ ಮಗ ರಜೆ ಹಾಕಿ, ನನ್ನ ಹಾಗೆಯೇ ಎದುರಿಗೆ ಕೂತು ಎಡವುತ್ತ ಪಾಠ ಒಪ್ಪಿಸಿ ತಿನ್ನಿಸಿದ. ಇಲ್ಲಿ ನಾನು ಸುಮ್ಮನೆ ಕೂರಲಿಲ್ಲ. ಗುರುವಿನ ಹತ್ತಿರ ಹೋಗುವವಳು ಚೆನ್ನಾಗಿ ಕಲಿತು ಹೋಗಬೇಕು ಎಂದು, ಫೋನಿನಲ್ಲಿ ಪಾಠ ಹಾಕಿಕೊಂಡು ಕೇಳಿ ಕೇಳಿ ನಲವತ್ತು ಕ್ರಿಯಾಪದ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಫ್ಯೂ, ಫ್ಯೂ, ಫ್ಯೂ, ಫ್ಯೂಮ್, ಫ್ಯೂತ್, ಫ್ಯೂರ್. ಹುರುಳಿಕಾಯಿ ಹೆಚ್ಚುತ್ತ ಹೇಳುವೆ, ನಮ್ಮವರು ಒಂದು ಕಣ್ಣಿಗೆ ಮುಚ್ಚಳ ಹಾಕಿಕೊಂಡು ಇನ್ನೊಂದರಿಂದ ಪುಸ್ತಕ ನೋಡುವರು.

"ಪ್ಯಾರಿಸ್‌ಗೆ ಯಾವಾಗ ಹೊರಡೋದು?"

"ಕಣ್ಣಿಗೆ ಹಾಕಿರೋಂಥದ್ದನ್ನ ಬಾಯಿಗೂ ಒಂದು ಹಾಕ್ತೀನಿ. ಸರಿ ಇದೆಯಾ ನೋಡಿ."

"ಸರಿ ಇದೆ ಕಣೆ. ಎಲ್ಲ ಸರಿ ಇದೆ."

ಗಿರಾವೀನ್‌ಗೆ ವಾಪಸು ಹೋದ ದಿನವೇ ಅಕ್ಕನ ಮುಂದೆ ಬಟ್ಟಲು ಹಿಡಿದು ಕೂತು, ಒಂದೂ ತಪ್ಪಿಲ್ಲದೆ ಒಪ್ಪಿಸಿದೆ. ಅವಳ ಮುಖ ಅರಳಿತು. "ಗುಡ್. ಕೂತ್ಕೋ. ನೆಕ್ಸ್ಟ್" ಎಂದು ನನ್ನ ಹೆಗಲಾಚೆ ಮುಂದಿನ ಹುಡುಗಿಯನ್ನು ಹುಡುಕಿದಳು. ಅಲ್ಲಿ ಸೋಫಾ ಇತ್ತು, ಮಡಿಸದ ಬಟ್ಟೆ ಇತ್ತು. ಬಾಯಿ ಮುಚ್ಚಿಕೊಂಡಳು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ತಿದ್ದುವುದಕ್ಕೆ ಏನೂ ಇರಲಿಲ್ಲ, ಆದ್ದರಿಂದ ಬಾಯಿ ತೆರೆಯಲಿಲ್ಲ. ನನಗೆ ಇದು ಹೊಳೆಯಲು ಮೂರು ದಿನ ಬೇಕಾಯಿತು. ಆ ಮೂರು ದಿನ ಅವಳು ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ನನ್ನ ಜಾಣತನ ಅವಳನ್ನು ಉಪವಾಸ ಕೆಡವಿತ್ತು.

ಬೇಕೆಂದು ತಪ್ಪು ಹೇಳುವುದು ಸುಳ್ಳೇ ತಾನೆ. ಗುರುವಾರ ಒಪ್ಪತ್ತು ಮಾಡುವವಳು ನಾನು, ಸುಳ್ಳಿಗೆ ಹೆದರುತ್ತೇನೆ. ದೇವರ ಮುಂದೆ ನಿಂತು, "ಇದು ನನ್ನ ಲೆಕ್ಕಕ್ಕೆ ಇರಲಿ, ಅವಳ ಹೊಟ್ಟೆಗೆ ಅನ್ನ ಇರಲಿ" ಎಂದು ಕೇಳಿಕೊಂಡು ಹೋಗಿ ತಪ್ಪು ಹೇಳಿದೆ. "ರಾಂಗ್" ಎಂದಳು. ತುತ್ತಿಟ್ಟೆ.

ಒಂದು ತಪ್ಪಿಗೆ ಒಂದು ತುತ್ತು. ತಪ್ಪು ಹೇಳುವುದೂ ಸುಲಭವಲ್ಲ ಎಂದು ಆಮೇಲೆ ಗೊತ್ತಾಯಿತು. ತೀರಾ ಪೆದ್ದಾಗಿ ಹೇಳಿದರೆ "ಹೊರಗೆ ನಿಂತ್ಕೋ" ಅನ್ನುವಳು. ಒಂದೇ ತಪ್ಪನ್ನು ಮೂರು ಸಲ ಹೇಳಿದರೆ ಬೇಸರಪಟ್ಟು ಕಣ್ಣು ಮುಚ್ಚುವಳು. ಓದುವ ಹುಡುಗಿ ಹೆದರಿ ಎಡವಿದ ಹಾಗಿರಬೇಕು. ಬೆಳಿಗ್ಗೆ ಬೇಳೆ ನೆನೆಹಾಕುವಾಗಲೇ ಅವತ್ತಿನ ಹದಿನೈದು ತಪ್ಪು ಯೋಚಿಸಿಡುತ್ತಿದ್ದೆ. ತೂಕ ನಲವತ್ತೆರಡಾಯಿತು. ಡಾಕ್ಟರು ಏನು ಕೊಡುತ್ತಿದ್ದೀರಿ ಎಂದು ಕೇಳಿದರಂತೆ. "ಮೊಸರನ್ನ ಅಂದೆ" ಎಂದ ಅಕ್ಕನ ಮಗ. ಫಾರ್ಮು ಡ್ರಾಯರಿನಲ್ಲೇ ಉಳಿಯಿತು. ಅಷ್ಟು ತಿಂಗಳು ಅವಳು ಮನೆಯಲ್ಲೇ, ನಮ್ಮ ಕೈಯಲ್ಲೇ ಇದ್ದಳು. ಯಾರು ಏನೇ ಅನ್ನಲಿ, ಅದು ಸಣ್ಣ ಕೃಪೆಯಲ್ಲ.

ಎಂಟನೆಯ ತಿಂಗಳ ಒಂದು ಮಂಗಳವಾರ, ಹತ್ತು ಗಂಟೆಯ ಕ್ಲಾಸು. ಬೆಂಡೆಕಾಯಿ ಹುಳಿ ಹಾಕಿ ಮೆತ್ತಗೆ ಕಲಸಿದ ಅನ್ನ. ಅವಳು ಕೇಳಲಿಲ್ಲ, ನಾನೇ ಶುರುಮಾಡಿದೆ. ಎರಡನೆಯದನ್ನೇ ತಪ್ಪು ಹೇಳಿದೆ.

"ಹೂಂ" ಎಂದಳು.

ಕೇಳಿಸಲಿಲ್ಲವೇನೋ ಎಂದು ಹತ್ತಿರ ಬಗ್ಗಿ ಇನ್ನೊಂದು ತಪ್ಪು ಹೇಳಿದೆ. "ಹೂಂ." ದೊಡ್ಡದೊಂದು ಹೇಳಿದೆ, ಹೊರಗೆ ನಿಲ್ಲಿಸುವಂಥದ್ದು. ಬೈದರೂ ಸಾಕು ಎನ್ನಿಸಿತ್ತು. ಅದಕ್ಕೂ ಹೂಂ. ಕಣ್ಣು ನನ್ನ ಮೇಲೇ ಇತ್ತು, ಶಾಂತವಾಗಿತ್ತು. ತುಟಿ ಒಂದಕ್ಕೊಂದು ಸೇರಿಯೇ ಇತ್ತು. ಬಿಗಿದುಕೊಂಡಿರಲಿಲ್ಲ, ಸುಮ್ಮನೆ ಸೇರಿತ್ತು.

ಅನ್ನ ಆರಿತು. ಬಟ್ಟಲನ್ನು ಕೆಳಗಿಟ್ಟೆ. ಇನ್ನು ತಪ್ಪು ಹೇಳಿ ಆಗಬೇಕಾದ್ದೇನೂ ಇರಲಿಲ್ಲ. ಅವಳ ಕೈ ಹಿಡಿದುಕೊಂಡು, ಅವಳು ನನಗೆ ಮೊದಲು ಕಲಿಸಿದ್ದನ್ನು ಮೊದಲಿನಿಂದ ಕೊನೆಯವರೆಗೆ, ಒಂದೂ ತಪ್ಪಿಲ್ಲದೆ ನಿಧಾನವಾಗಿ ಒಪ್ಪಿಸಿದೆ. ಅದಕ್ಕೂ ಹೂಂ ಎಂದಳು, ಅಷ್ಟೇ ಮೆತ್ತಗೆ.

ಬಾಯಿ ಒರೆಸಬೇಕಾಗಿರಲಿಲ್ಲ, ಆದರೂ ಒರೆಸಿದೆ. ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕನ ಮಗನ ಆಫೀಸಿಗೆ ಫೋನ್ ಮಾಡಿ, "ಮನೆಗೆ ಬಾಪ್ಪ, ಅಮ್ಮ ತಿದ್ದೋದು, ತಿನ್ನೋದು ಎರಡೂ ಬಿಟ್ಟಳು. ಗಾಬರಿ ಇಲ್ಲ, ನಿಧಾನಕ್ಕೆ ಡ್ರೈವ್ ಮಾಡ್ಕೊಂಡು ಬಾ" ಎಂದೆ.