ಹಿಂಜಿಸಿ ತಂದ ಹಾಸಿಗೆ

ಇಂಗ್ಲಿಷ್ ಫಾರಂಗಳಿಗೆ ಕನ್ನಡ ಬರೆಯುವುದು ನನ್ನ ಹೊಟ್ಟೆಪಾಡು. ಮೊನ್ನೆ ಒಂದು ಪರವಾನಗಿ ಅರ್ಜಿ ಮೇಜಿಗೆ ಬಂತು. ತಲೆಬರಹದಲ್ಲಿ ‘ರಿನ್ಯೂವಲ್’ ಎಂದಿತ್ತು. ಕೈ ತಾನಾಗಿಯೇ ‘ನವೀಕರಣ’ ಎಂದು ಬರೆಯಿತು. ಬರೆದಾದ ಮೇಲೆ ಆ ಪದವನ್ನೇ ನೋಡುತ್ತ ಕೂತೆ. ನೀವೇ ಹೇಳಿ, ಯಾರಾದರೂ ಮನೆಯಲ್ಲಿ ಈ ಮಾತು ಆಡುತ್ತಾರೆಯೇ? ಹೆಂಡತಿ ಗಂಡನಿಗೆ “ರೀ, ಆ ಚಾಪೆ ನವೀಕರಿಸ್ರೀ” ಎಂದದ್ದನ್ನು ನಾನಂತೂ ಕೇಳಿಲ್ಲ.

ಪದಗಳಿಗೇನೂ ಬರವಿಲ್ಲ. ಗುಡಿಗಾದರೆ ಜೀರ್ಣೋದ್ಧಾರ. ಮುಚ್ಚಿಹೋದ ಕಾರ್ಖಾನೆಗೆ ಪುನಶ್ಚೇತನ. ಕಾಯಕಲ್ಪ ಎಂದರೆ ಪತ್ರಿಕೆಯವರಿಗೆ ಬಲು ಪ್ರೀತಿ. ಹೂಳು ತುಂಬಿದ ಕೆರೆಗೂ ಅದೇ, ಸೋರುವ ಬಸ್ ನಿಲ್ದಾಣಕ್ಕೂ ಅದೇ. ಮರ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಚಿಗುರಿಕೊಳ್ಳುತ್ತದೆ. ಇವೆಲ್ಲ ಒಂದೇ ಅಲ್ಲ ಕಣ್ರಯ್ಯಾ ಎಂದು ಕಚೇರಿಗೆ ಬರುವ ಹೊಸಬರಿಗೆ ಪಾಠ ಹೇಳುವ ದೊಡ್ಡಮನುಷ್ಯ ನಾನು. ಆ ಪಾಠ ನನಗೇ ತಲೆಗೆ ಹತ್ತಿರಲಿಲ್ಲವೆಂದು ತೋರಿಸಿಕೊಟ್ಟದ್ದು ಒಂದು ಹಾಸಿಗೆ.

ಒಂಬತ್ತು ವರ್ಷದ ಹಿಂದಿನ ಮಾತು. ಆಗ ನಾವು ಹಲಸೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಎಂಟು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡರು. ಅದು ಜೋಡಿ ಹಾಸಿಗೆ, ಮದುವೆಯಲ್ಲಿ ಅಮ್ಮನ ತವರಿನವರು ಕೊಟ್ಟದ್ದು. ಸತ್ತವರು ಮಲಗಿದ್ದ ಹಾಸಿಗೆಯನ್ನು ಮನೆಯಲ್ಲಿಟ್ಟುಕೊಳ್ಳಬಾರದು, ಹೊರಗೆ ಹಾಕಿ ಎಂದು ನೆಂಟರೆಲ್ಲ ಹೇಳಿದರು. ಅಮ್ಮ ಜಗ್ಗಲಿಲ್ಲ.

“ಅವರು ಹೋದ್ರು ಅಂತ ಅವರ್ದೆಲ್ಲ ಬೀದಿಗೆ ಹಾಕಕ್ಕಾಗುತ್ತಾ? ನಾನೂ ಅವರ್ದೇ, ನನ್ನೂ ಹಾಕ್ಬಿಡಿ” ಎಂದಳು. ತಿಂಗಳು ಕಳೆದ ಮೇಲೆ ನನ್ನನ್ನು ಕರೆದು, “ಔಷಧಿ ವಾಸ್ನೆ ಹೊಡೀತಿದೆ ಕಣೋ, ಸ್ವಲ್ಪ ಸರಿ ಮಾಡಿಸ್ಕೊಂಡು ಬಾ” ಎಂದಳು.

ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಸತ್ತಾರ್ ಭಾಯಿಯ ಅಂಗಡಿ. ಹತ್ತಿ ಹಿಂಜುವ ಒಂದು ಯಂತ್ರ, ಅದರ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ, ಅಷ್ಟೇ ಅಂಗಡಿ. ಭಾಯಿಯ ಹುಬ್ಬು, ಗಡ್ಡ, ಟೋಪಿ ಎಲ್ಲದರ ಮೇಲೂ ಹತ್ತಿ ಕೂತು ವಯಸ್ಸೆಷ್ಟೆಂದು ಹೇಳುವಂತಿರಲಿಲ್ಲ. ಆಟೋದಿಂದ ಇಳಿಸಿದ ಹಾಸಿಗೆಯನ್ನು ಗಲ್ಲಿಯಲ್ಲೇ ಗೋಣಿ ಹಾಸಿ ಹರಡಿದ.

“ಏನ್ ಮಾಡ್ಬೇಕು ಸಾರ್? ಬಿಸಿಲಿಗಾಕಿ ಬಡೀಬೋದು. ಮೇಲಿನ ಬಟ್ಟೆ ಮಾತ್ರ ಬದಲಾಯಿಸ್ಬೋದು. ಇಲ್ಲಾಂದ್ರೆ ಪೂರಾ ಬಿಚ್ಚಿ ಹಿಂಜ್ಬೇಕು. ಮೂರೂ ಬೇರೆ ಬೇರೆ.”

“ಹೊಸದರ ಥರ ಮಾಡ್ಬಿಡಿ ಭಾಯ್” ಎಂದೆ, ಭಾರೀ ಧಾರಾಳಿಯ ಹಾಗೆ.

ಅವನು ಹಾಸಿಗೆಯ ಎಡಮಗ್ಗುಲಲ್ಲಿ ಅಂಗೈ ಇಟ್ಟ. ಅಲ್ಲಿ ಉದ್ದಕ್ಕೂ ಒಂದು ಹಳ್ಳ ಬಿದ್ದಿತ್ತು. ಭುಜದ ಹತ್ತಿರ ಅಗಲ, ಸೊಂಟದ ಹತ್ತಿರ ಆಳ.

“ಯಾರು ಮಲಗ್ತಿದ್ರು?”

“ಅಪ್ಪ. ತೀರ್ಕೊಂಡ್ರು.”

ಕೈ ತೆಗೆದು ಎದೆಗೆ ಮುಟ್ಟಿಸಿಕೊಂಡ. “ಹಿಂಜಿದ್ರೆ ಇದು ಹೋಗ್ತದೆ ಸಾರ್, ವಾಪಸ್ ಬರಲ್ಲ. ಮನೇಲಿ ಒಂದ್ಸಲ ಕೇಳ್ಕೊಂಡ್ ಬನ್ನಿ. ನಮ್ಮ ಅಬ್ಬಾ ಕಾಲದಿಂದಾನೂ ಇಂಥದ್ದು ಕೇಳ್ದೆ ಬಿಚ್ಚಲ್ಲ ನಾವು.”

“ಅಮ್ಮನೇ ಕಳ್ಸಿರೋದು, ನೀವು ಮಾಡಿ” ಎಂದುಬಿಟ್ಟೆ. ಇನ್ನೊಂದು ಸಲ ಬರಬೇಕಲ್ಲ ಎಂಬ ಸೋಮಾರಿತನ, ಬೇರೇನಲ್ಲ. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಅದನ್ನೂ ಮಾಡಲಿಲ್ಲ.

ಎರಡು ದಿನದ ಮೇಲೆ ಹಾಸಿಗೆ ನೀಲಿ ಪಟ್ಟೆಯ ಹೊಸ ಬಟ್ಟೆ ತೊಟ್ಟು, ಹೂರಣ ತುಂಬಿದ ಕಡುಬಿನ ಹಾಗೆ ಉಬ್ಬಿಕೊಂಡು ಮನೆಗೆ ಬಂತು. ಅಮ್ಮ ಅಂಚಿನಲ್ಲಿ ಕೂತು ಎಡಗಡೆಗೆ ಕೈ ಚಾಚಿದಳು. ಕೈ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಮತ್ತೆ ಮೇಲಕ್ಕೆ ಹೋಯಿತು. ಆಮೇಲೆ ನನ್ನ ಮುಖ ನೋಡಿದಳು.

“ಚೆನ್ನಾಗಿ ಮಾಡಿದಾನೆ” ಎಂದಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವತ್ತಿನಿಂದ ಅವಳು ಚಾಪೆ ಹಾಸಿಕೊಂಡು ನೆಲದ ಮೇಲೆ ಮಲಗತೊಡಗಿದಳು. ಅವಳು ಕೇಳಿದ್ದು ವಾಸನೆ ಹೋಗಲಿ, ಉಳಿದದ್ದು ಇದ್ದ ಹಾಗೇ ಇರಲಿ ಎಂದು. ನಾನು ಮಾಡಿಸಿದ್ದು ಅಪ್ಪ ಇದ್ದದ್ದೇ ಇಲ್ಲದ ಹಾಗೆ. ಇಷ್ಟು ವಿಷಯ ಹತ್ತಿ ಹಿಂಜುವವನಿಗೆ ಮುಟ್ಟಿದ ಕೂಡಲೇ ತಿಳಿದಿತ್ತು. ದಿನವಿಡೀ ನಿಘಂಟು ತಿರುವಿಹಾಕುವ ನನಗೆ ತಿಳಿಯಲಿಲ್ಲ. ಥೂ ನನ್ನ ಬುದ್ಧಿಗಿಷ್ಟು!

ಒಂದೂವರೆ ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಮನೆ ಕೆ.ಆರ್. ಪುರಕ್ಕೆ ಬದಲಾಗಿತ್ತು. ಮಂಡಿನೋವು ಜೋರಾಗಿ, ನೆಲದ ಮೇಲೆ ಮಲಗಲೇಕೂಡದೆಂದು ಡಾಕ್ಟರು ಗದರಿದ ಮೇಲೆ ಅಮ್ಮ ಹಾಸಿಗೆಗೆ ಬಂದಳು. ಸದ್ಯ, ಮರೆತಳು ಎಂದುಕೊಂಡೆ. ತಪ್ಪಾಯಿತು ಎಂಬ ಮಾತನ್ನು ಮಾತ್ರ ಆಡಲೇ ಇಲ್ಲ. ಆಡಿದರೆ ಹಳೆಯ ಗಾಯ ಕೆದಕಿದಂತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡ ನೆಪ ಬೇರೆ.

ಇವತ್ತು ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಆ ಅರ್ಜಿಯ ಪದ ತಲೆಯಲ್ಲಿ ಕೊರೆಯುತ್ತಿದ್ದದ್ದಕ್ಕೋ ಏನೋ, ಅಮ್ಮನ ಹಾಸಿಗೆಯನ್ನು ತಾರಸಿಗೆ ಒಯ್ಯೋಣವೆಂದು ಹೊದಿಕೆ ತೆಗೆದೆ. ಬಲಮಗ್ಗುಲು ಚಪ್ಪಟೆಯಾಗಿ ಮಣೆಯಂತಾಗಿತ್ತು. ಎಡಮಗ್ಗುಲು ಸತ್ತಾರ್ ಭಾಯಿ ಕೊಟ್ಟ ದಿನ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇತ್ತು.

“ಅಮ್ಮಾ, ಈ ಕಡೆ ನೀನು ಮಲಗೇ ಇಲ್ವಾ?”

“ಅದು ನಿಮ್ಮಪ್ಪಂದು.”

“ಅಲ್ಲಿ ಏನೂ ಉಳಿದಿಲ್ವಲ್ಲಮ್ಮ. ನಾನೇ ಹಿಂಜಿಸ್ಬಿಟ್ನಲ್ಲ.”

ದಿಂಬಿನ ಚೀಲ ಮಡಿಚುತ್ತಿದ್ದವಳು ತಲೆಯೆತ್ತಲಿಲ್ಲ. “ಹಳ್ಳ ತೆಗೆಸ್ದೆ. ಜಾಗ ತೆಗೆಸಕ್ಕಾಗುತ್ತೇನೋ?”

ಹಾಸಿಗೆಯ ತುದಿ ಹಿಡಿದಿದ್ದ ಹಾಗೇ ನನಗೆ ಅಳು ಬಂದುಬಿಟ್ಟಿತು. ಈ ವಯಸ್ಸಿನಲ್ಲಿ, ಅಮ್ಮನ ಮುಂದೆ, ಮೂಗು ಸುರಿಸಿಕೊಂಡು ಅತ್ತೆ. “ತಪ್ಪಾಯ್ತಮ್ಮಾ. ನಿನ್ನ ಒಂದು ಮಾತು ಕೇಳ್ಬೇಕಾಗಿತ್ತು.”

“ಇಷ್ಟು ಹೇಳಕ್ಕೆ ಒಂಬತ್ತು ವರ್ಷ ಬೇಕಾಯ್ತೇನೋ ನಿಂಗೆ” ಎಂದಳು ಅಮ್ಮ. ಅವಳ ದನಿಯೂ ಒಡೆದಿತ್ತು.

ನಾನು ಮುಖ ಒರೆಸಿಕೊಂಡೆ. “ಬಿಸಿಲಿಗೆ ಹಾಕ್ಲಾ? ಬಡೀಲಾ?”

“ಹಾಕು. ಬಡೀಬೇಡ” ಎಂದಳು. “ವಾಪಸ್ ತಂದಾಗ ಅವರ ಕಡೆ ಅವರ ಕಡೆಗೇ ಬರೋ ಹಾಗೆ ಹಾಸು.”