ಮೂರ್ಛೆ ಹೋದವರ ತಪಾಸಣಾ ವರದಿ

ನುಸಿಗುಳಿಗೆಯ ವಾಸನೆ ಬಂದರೆ ನನ್ನ ಕಾಲು ನಿಂತುಬಿಡುತ್ತದೆ. ಇವತ್ತು ಬೆಳಿಗ್ಗೆ ಜುರಾಂಗ್ ವೆಸ್ಟಿನ ನಮ್ಮ ಬ್ಲಾಕಿನ ಲಿಫ್ಟಿನಲ್ಲಿ ಚೀನೀ ಅಜ್ಜಿಯೊಬ್ಬರು ಹಳೆಯ ಉಣ್ಣೆ ಕೋಟು ಹಿಡಿದು ನಿಂತಿದ್ದರು. ಸಿಂಗಾಪುರದ ಸೆಕೆಯಲ್ಲಿ ಉಣ್ಣೆ ಕೋಟು ಯಾಕೆಂದು ನಾನು ಕೇಳಲಿಲ್ಲ. ಅದರಿಂದ ಆ ವಾಸನೆ ಬಂತು. ಅಜ್ಜಿ ಕೆಳಗೆ ಇಳಿದು ಹೋದರು. ನಾನು ಅಲ್ಲೇ ನಿಂತು, ಅದೇ ಲಿಫ್ಟಿನಲ್ಲಿ ಹನ್ನೆರಡನೇ ಮಹಡಿಗೆ ವಾಪಸು ಬಂದೆ. ನಿಮಗೆ ಹೀಗೆಲ್ಲ ಆಗುವುದಿಲ್ಲವಾದರೆ ನೀವು ಪುಣ್ಯವಂತರು, ಸರಿಯಾದ ಹೊತ್ತಿಗೆ ಆಫೀಸು ತಲುಪುತ್ತೀರಿ.

ಈಗ ಹೇಳಹೊರಟಿರುವುದು ನಡೆದದ್ದು ಇದೇ ಸಿಂಗಾಪುರದ ಯಿಶುನಿನಲ್ಲಿ, ಕೊರೊನಾಕ್ಕಿಂತ ಮೊದಲು. ಇಷ್ಟು ಖಚಿತ. ಮಿಕ್ಕಿದ್ದನ್ನು ಊಟದ ಮೇಜುಗಳಲ್ಲಿ ಹೇಳಿ ಹೇಳಿ ನುಣ್ಣಗೆ ಮಾಡಿಬಿಟ್ಟಿದ್ದೇನೆ. ನುಣ್ಣಗಾದ ನೆನಪನ್ನು ನಂಬಬಾರದು. ಅಲ್ಲಲ್ಲಿ ಉಗುರಿನಿಂದ ಗೀರಿ ನೋಡುತ್ತಾ ಹೋಗೋಣ.

ಆಗ ನಾನು ಶಶಿಕಲಾ ಆಂಟಿ ಮತ್ತು ಮೂರ್ತಿ ಅಂಕಲ್ ಅವರ ಫ್ಲ್ಯಾಟಿನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ. ರೂಮು ಪೂರ್ತಿ ನನ್ನದಾಗಿರಲಿಲ್ಲ. ಮಂಚದ ಕೆಳಗೆ ಏಳು ರಟ್ಟಿನ ಡಬ್ಬಗಳಲ್ಲಿ, ನುಸಿಗುಳಿಗೆಗಳ ನಡುವೆ, ಹದಿನೆಂಟನೇ ಶತಮಾನದ ಇಂಗ್ಲೆಂಡು ವಾಸವಾಗಿತ್ತು. ಆಂಟಿ ಮದುವೆಗೆ ಮೊದಲು ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಕಾದಂಬರಿ ಎಂಬುದು ಇನ್ನೂ ಅಂಬೆಗಾಲಿಡುತ್ತಿದ್ದಾಗ ಬರೆದ ಒಬ್ಬ ಹೆಂಗಸಿನ ಬಗ್ಗೆ. ಆಕೆ ತನ್ನ ಪುಸ್ತಕಗಳ ಮೇಲೆ ಹೆಸರು ಹಾಕದೆ ‘ಒಬ್ಬ ಲೇಡಿ’ ಎಂದಷ್ಟೇ ಅಚ್ಚು ಹಾಕಿಸುತ್ತಿದ್ದಳು. ಆ ಕಾಲದಲ್ಲಿ ಮಾನವಂತ ಹೆಂಗಸರು ಹಾಗೇ ಮಾಡುತ್ತಿದ್ದರಂತೆ. ನಾನೂ ಅವಳ ಮಾನ ಕಾಪಾಡುತ್ತೇನೆ. ಮನೆಯಲ್ಲಿ ಎಲ್ಲರೂ ಅವಳನ್ನು ಲೇಡಿ ಎಂದೇ ಕರೆಯುತ್ತಿದ್ದರು, ಪಕ್ಕದ ಬ್ಲಾಕಿನಲ್ಲಿ ಇದ್ದಾಳೇನೋ ಎಂಬಂತೆ.

ಲೇಡಿಯ ಕಾದಂಬರಿಗಳಲ್ಲಿ ಹುಡುಗಿಯರು ಮಾತೆತ್ತಿದರೆ ಮೂರ್ಛೆ ಹೋಗುತ್ತಾರೆ. ಕಾಗದ ಬಂದರೆ ಮೂರ್ಛೆ, ಬಾರದಿದ್ದರೆ ಮೂರ್ಛೆ. ಆಂಟಿಯ ಸಂಶೋಧನೆ ಆ ಮೂರ್ಛೆಗಳ ಮೇಲೆ. ಒಂದೊಂದಕ್ಕೂ ಒಂದೊಂದು ಕಾರ್ಡು ಬರೆದಿಟ್ಟಿದ್ದರು. ಗೈಡು ಮಾತ್ರ, “ಮೊದಲು ಲೇಡಿ ಸತ್ತಿದ್ದು ಯಾವತ್ತು ಅಂತ ಗಟ್ಟಿ ಮಾಡ್ಕೊಂಡು ಬಾಮ್ಮ, ಆಮೇಲೆ ಮಿಕ್ಕಿದ್ದು” ಎಂದುಬಿಟ್ಟರು. ಅಲ್ಲಿಗೆ ಎಲ್ಲ ನಿಂತಿತು. ಯಾಕೆಂದರೆ ಲೇಡಿ ಸತ್ತಳೆನ್ನುವ ವರ್ಷವೇ ಇಂಗ್ಲಿಷರು ಯುರೋಪಿನ ಮಿಕ್ಕವರ ಜೊತೆ ಕ್ಯಾಲೆಂಡರ್ ಹೊಂದಿಸಲೆಂದು ಸೆಪ್ಟೆಂಬರಿನಿಂದ ಹನ್ನೊಂದು ತಾರೀಖುಗಳನ್ನು ಕಿತ್ತುಹಾಕಿದ್ದರು. ಎರಡನೇ ತಾರೀಖು ಮಲಗಿದವರು ಎದ್ದದ್ದು ಹದಿನಾಲ್ಕನೇ ತಾರೀಖು. ಲೇಡಿಯ ಸಾವಿಗೆ ಇದ್ದ ಒಂದೇ ಸಾಕ್ಷಿ ಅವಳ ತಂಗಿ ಬರೆದ ಕಾಗದ. ಅದರಲ್ಲಿದ್ದ ತಾರೀಖು ಆ ಕಿತ್ತುಹಾಕಿದ ಹನ್ನೊಂದರಲ್ಲಿ ಒಂದು.

“ದೆನ್ ಶಿ ನೆವರ್ ಡೈ ಲಾ,” ಎಂದು ಆಂಟಿಯ ಮಗಳು ಮೇಘನಾ ಫೋನಿನಿಂದ ತಲೆಯೆತ್ತದೆ, ಸಿಂಗಾಪುರದ ಇಂಗ್ಲಿಷಿನಲ್ಲಿ, ಅವಳು ಸತ್ತೇ ಇಲ್ಲ ಎಂದು ತೀರ್ಪು ಕೊಟ್ಟಿದ್ದಳು.

ನಾನು ಆ ಮನೆಗೆ ಬಂದ ಎರಡನೇ ವರ್ಷ ಅವರು ಸೆಂಬವಾಂಗಿನ ಚಿಕ್ಕ ಫ್ಲ್ಯಾಟಿಗೆ ಶಿಫ್ಟ್ ಆಗುವುದೆಂದು ತೀರ್ಮಾನವಾಯಿತು. ಅಂಕಲ್ ಡಬ್ಬಗಳ ಕಡೆ ಬೆರಳು ತೋರಿಸಿದರು.

“ಇವು ಅಲ್ಲಿಗೆ ಬರಲ್ಲ. ಹಳೇ ಪೇಪರಿನವನಿಗೆ ಕೊಟ್ಬಿಡು.”

ಆಂಟಿ ಜಗಳವಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಪ್ರಾಯದಲ್ಲಿ ಮಾಡಿದ ಕೆಲಸ ಅಂತ ಆಕೆಗೆ ಉಳಿದಿದ್ದದ್ದು ಅದೊಂದೇ. ಕೈಯಲ್ಲಿದ್ದ ಸೌಟು ಕೆಳಗಿಟ್ಟು, “ಆಯ್ತು. ಆದ್ರೆ ಮೂವತ್ತು ವರ್ಷ ನನ್ ಜೊತೆ ಇದ್ದವಳು. ಒಂದು ತಿಥಿ ಮಾಡಿ ಕಳಿಸ್ತೀನಿ” ಎಂದರು. ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ಮೈಸೂರಿನ ಭಟ್ಟರಿಗೆ ವಿಡಿಯೊ ಕಾಲ್ ಹೋಯಿತು.

“ಗೋತ್ರ?”

“ಇಂಗ್ಲೆಂಡಿನವರು ಭಟ್ರೇ.”

“ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ. ತಾರೀಖು ಹೇಳಿ.”

ಆಂಟಿ ಹನ್ನೊಂದು ದಿನದ ಕಥೆ ಹೇಳಿದರು. ಭಟ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಅವರು ದಿನ ಕಿತ್ತಾಕಿದ್ರೆ ಚಂದ್ರ ಕೇಳ್ತಾನೇನಮ್ಮಾ? ಅವನ ಪಾಡಿಗೆ ಅವನು ಬಂದು ಹೋಗಿರ್ತಾನೆ. ಇಷ್ಟೆಲ್ಲ ತಲೆನೋವು ಬೇಡ. ಮಹಾಲಯ ಅಮಾವಾಸ್ಯೆ ದಿನ ಗುರುಗಳು ಅಂತ ಸೇರಿಸಿ ಯಜಮಾನರ ಕೈಲಿ ಎಳ್ಳು ನೀರು ಬಿಡಿಸಿ. ಅವತ್ತು ಎಲ್ಲರಿಗೂ ನಡೆಯುತ್ತೆ.”

ಅಮಾವಾಸ್ಯೆಗೆ ಮೂರು ವಾರವಿತ್ತು. ಅಂಕಲ್ ಹಡಗುಕಟ್ಟೆಯಲ್ಲಿ ಸೇಫ್ಟಿ ಆಫೀಸರು. ಒಳಗೇನಿದೆ ಎಂದು ನೋಡದೆ ಯಾವುದನ್ನೂ ಹೊರಗೆ ಹಾಕದ ಮನುಷ್ಯ. ಖಾಲಿ ಹಿಟ್ಟಿನ ಪೊಟ್ಟಣವನ್ನೂ ಒಮ್ಮೆ ಬಗ್ಗಿ ನೋಡಿಯೇ ಎಸೆಯುತ್ತಿದ್ದರು. ಹಾಗಾಗಿ ದಿನಾ ಸಂಜೆ ಕಾಫಿ ಕುಡಿದು, ನನ್ನ ರೂಮಿನ ನೆಲದ ಮೇಲೆ ಕೂತು, ಡಬ್ಬಗಳ ತಪಾಸಣೆಗೆ ತೊಡಗಿದರು. ಮೊದಲ ದಿನ ಕಾರ್ಡುಗಳನ್ನು ಎಣಿಸಿದರು. ಎರಡನೇ ದಿನ ಓದಿದರು. ಮೂರನೇ ದಿನ ಆಫೀಸಿನಿಂದ ಅಪಘಾತ ವರದಿಯ ಖಾಲಿ ಫಾರಂಗಳನ್ನೇ ತಂದರು.

“ನೋಡಯ್ಯಾ ಇಲ್ಲಿ,” ಎಂದು ನನ್ನನ್ನು ಕರೆದರು. “ಈ ಹುಡುಗಿ ಒಂದೇ ವಾರದಲ್ಲಿ ನಾಲ್ಕು ಸಲ ಬಿದ್ದಿದ್ದಾಳೆ. ನಾಲ್ಕು ಸಲವೂ ಕಾಗದ ಓದೋವಾಗ. ನಿಂತ್ಕೊಂಡು ಓದಿದಾಳೆ! ಮನೇಲಿ ಒಂದು ಕುರ್ಚಿ ಇರ್ಲಿಲ್ವಾ?”

“ಅವಳ ಅಪ್ಪ ಬೇರೆ ಮದುವೆ ಗೊತ್ತು ಮಾಡಿದ್ದ ಅಂಕಲ್.”

“ಅದು ಕಾರಣ. ನಾನು ಕೇಳ್ತಿರೋದು ಮುಂಜಾಗ್ರತೆ.”

ಫಾರಂಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದನ್ನು ಗೀರಿದರೂ ಅಳಿಸುವುದಿಲ್ಲ. ಸ್ಥಳ: ತೋಟದ ಗೇಟು. ಕಾರಣ: ಪ್ರೇಮಿ ಯುದ್ಧದಿಂದ ವಾಪಸು ಬಂದದ್ದು. ಗಾಯ: ಇಲ್ಲ. ತಡೆಯುವ ಕ್ರಮ: ಬಿಗಿ ರವಿಕೆ ಸಡಿಲಿಸುವುದು, ಪ್ರೇಮಿಗಳು ಬರುವ ಮೊದಲು ಹೇಳಿ ಕಳಿಸತಕ್ಕದ್ದು. ಆಂಟಿ ಬಾಗಿಲಲ್ಲಿ ನಿಂತು, “ರೀ, ಅದು ಸೋಫಾ ಮೇಲೆ ಬಿದ್ದಿದ್ದು, ನೆಲದ ಮೇಲಲ್ಲ” ಎಂದು ತಿದ್ದುತ್ತಿದ್ದರು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಬ್ಲಾಕಿನ ಕೆಳಗಿನ ತೆರೆದ ಜಗಲಿಗೆ, ವಾಯ್ಡ್ ಡೆಕ್‌ಗೆ, ಹೋಗಿ ಕೆಲಸ ಮಾಡುತ್ತಿದ್ದೆ. ಹದಿನೆಂಟನೇ ಶತಮಾನಕ್ಕೆ ರೂಮು ಬಿಟ್ಟುಕೊಟ್ಟ ಬಾಡಿಗೆದಾರ ನಾನೊಬ್ಬನೇ ಇರಬೇಕು.

ಅಮಾವಾಸ್ಯೆ ಬಂತು. ವಡೆ, ಪಾಯಸ, ಲೇಡಿಗೆಂದು ಒಂದು ಬಾಳೆ ಎಲೆ. ಎಲೆಯೇ ಇರಲಿಲ್ಲ, ಪೇಪರ್ ಪ್ಲೇಟು ಎಂದು ಮೇಘನಾ ಈಗಲೂ ವಾದಿಸುತ್ತಾಳೆ. ಹೋಗಲಿ, ಪ್ಲೇಟೇ ಇರಲಿ. ಅಂಕಲ್ ಪಂಚೆಯುಟ್ಟು, ಬೆರಳಿಗೆ ದರ್ಭೆಯ ಪವಿತ್ರ ಸಿಕ್ಕಿಸಿಕೊಂಡು ಹರಿವಾಣದ ಮುಂದೆ ಕೂತರು. ಅಕ್ಕಿ ಡಬ್ಬದ ಮೇಲಿಟ್ಟ ಐಪ್ಯಾಡಿನೊಳಗೆ ಭಟ್ಟರು. ಹಳೇ ಪೇಪರಿನವನಿಗೆ ಮಧ್ಯಾಹ್ನ ಎರಡಕ್ಕೆ ಬರಲು ಹೇಳಿಯಾಗಿತ್ತು. ತಂದೆ, ತಾತ, ಮುತ್ತಾತ ಆದರು. ಲೇಡಿಯ ಸರದಿ ಬಂತು. ಅಂಕಲ್ ಅಂಗೈಯಲ್ಲಿ ಎಳ್ಳು ತೆಗೆದುಕೊಂಡರು. ಆಂಟಿ ಅಡಿಗೆಮನೆಯಿಂದ ಹೊರಗೆ ಬರಲೇ ಇಲ್ಲ.

“ಒಂದ್ನಿಮಿಷ ಭಟ್ರೇ,” ಎಂದರು ಅಂಕಲ್. “ಇವರು ಸತ್ತಿದ್ದಾರೆ ಅನ್ನೋಕೆ ನಮ್ ಹತ್ರ ಏನು ರೆಕಾರ್ಡ್ ಇದೆ?”

“ಸ್ವಾಮೀ, ಇನ್ನೂರೈವತ್ತು ವರ್ಷದ ಮೇಲಾಯ್ತು! ಬದುಕಿರ್ತಾರಾ?”

“ಅದು ಅಂದಾಜು. ಅಂದಾಜಿನ ಮೇಲೆ ನಾನು ಸೈನ್ ಹಾಕಲ್ಲ.”

“ಇಲ್ಲಿ ಸೈನ್ ಎಲ್ಲಿ ಬಂತ್ರೀ?” ಆಂಟಿಯ ದನಿ ಮಾತ್ರ ಬಂತು. “ನೀರು ಬಿಡಿ ಸಾಕು.”

“ಎರಡೂ ಒಂದೇ ಕಣೇ. ಏಳನೇ ಡಬ್ಬ ನಾನಿನ್ನೂ ಬಿಚ್ಚಿಲ್ಲ. ಇನ್‌ಸ್ಪೆಕ್ಷನ್ ಮುಗಿಯದೆ ಕ್ಲೋಸ್ ಮಾಡೋಕಾಗಲ್ಲ.”

ಎಳ್ಳನ್ನು ಜೋಪಾನವಾಗಿ ಬಟ್ಟಲಿಗೆ ಹಾಕಿಟ್ಟರು. ಭಟ್ಟರು ಮತ್ತೊಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಆಂಟಿ ಹೊರಗೆ ಬಂದು, ಲೇಡಿಗೆ ಬಡಿಸಬೇಕಿದ್ದ ವಡೆಗಳನ್ನೆಲ್ಲ ಅಂಕಲ್ ತಟ್ಟೆಗೆ ಸುರಿದರು. ಅವರ ಕಣ್ಣು ಕೆಂಪಗಿತ್ತು. ಒಗ್ಗರಣೆಯ ಹೊಗೆ ಎಂದರು. ಅವತ್ತು ಒಗ್ಗರಣೆ ಹಾಕುವ ಅಡಿಗೆ ಯಾವುದಿತ್ತೆಂದು ನನಗೆ ನೆನಪಿಲ್ಲ. ಎರಡು ಗಂಟೆಗೆ ಬಂದವನು ಒಂದು ಹಳೇ ಫ್ಯಾನು ತೆಗೆದುಕೊಂಡು ಹೋದ. ಡಬ್ಬಗಳು ಸೆಂಬವಾಂಗಿನ ಲಾರಿಗೆ ಎಲ್ಲಕ್ಕಿಂತ ಮೊದಲು ಹತ್ತಿದವು.

ಇಷ್ಟು ನೆನಪಾಗುವಷ್ಟರಲ್ಲಿ ಲಿಫ್ಟು ನನ್ನನ್ನು ಎರಡನೇ ಸಲ ಮೇಲಕ್ಕೆ ತಂದಿತ್ತು. ಕಾರಿಡಾರಿನಲ್ಲೇ ನಿಂತು, ಎಷ್ಟೋ ತಿಂಗಳ ಮೇಲೆ, ಆಂಟಿಗೆ ಫೋನ್ ಮಾಡಿದೆ.

“ಥೀಸಿಸ್ ಎಲ್ಲಿಗೆ ಬಂತು ಆಂಟಿ?”

“ಅಯ್ಯೋ, ಅದರ ರಿಜಿಸ್ಟ್ರೇಶನ್ ಎಂದೋ ಕ್ಯಾನ್ಸಲ್ ಆಯ್ತಪ್ಪಾ. ಡಿಗ್ರಿ ಇಲ್ಲ, ಏನಿಲ್ಲ. ಈಗ ಲೇಡಿಯ ಕಾದಂಬರಿ ಕನ್ನಡಕ್ಕೆ ಮಾಡ್ತಿದೀನಿ. ದಿನಾ ಎರಡು ಪುಟ.”

“ಯಾರು ಪಬ್ಲಿಷ್ ಮಾಡ್ತಾರೆ?”

“ಯಾರು ಮಾಡ್ತಾರೆ, ಯಾರೂ ಇಲ್ಲ.”

“ಮತ್ಯಾಕೆ ಇಷ್ಟು ಕಷ್ಟ?”

“ಯಾಕೆ ಅಂದ್ರೆ? ಆ ಹಳೇ ಇಂಗ್ಲಿಷು ನಿಮ್ಮ ಅಂಕಲ್ ತಲೆಗೆ ಹತ್ತಲ್ಲ. ರಿಟೈರ್ ಆಗಿ ಮನೇಲಿದಾರೆ, ಬೆಳಿಗ್ಗೆ ಎದ್ರೆ ಮುಂದೇನಾಯ್ತು, ಮುಂದೇನಾಯ್ತು ಅಂತ ಪ್ರಾಣ ತಿಂತಾರೆ. ಓದಿ ಹೇಳ್ಬೇಕಲ್ಲ.”

ಹಿಂದಿನಿಂದ ಅಂಕಲ್ ಕೂಗು ಕೇಳಿಸಿತು. “ಯಾರೇ ಅದು? ಫೋನ್ ಇಡೇ! ಕುದುರೆ ಬಿಚ್ಕೊಂಡು ಓಡಿದೆ, ಅವಳಿನ್ನೂ ಗಾಡಿಯೊಳಗೇ ಇದಾಳೆ!”

ಆಂಟಿ ಫೋನ್ ಇಟ್ಟುಬಿಟ್ಟರು. ನಾನು ಲೇಡಿಯ ಒಂದು ಸಾಲನ್ನೂ ಓದಿದವನಲ್ಲ. ಅವಳ ಮೇಲೆ ಎರಡು ವರ್ಷ ಮಲಗಿದ್ದೆ, ಅಷ್ಟೇ. ಆದರೂ ಆಫೀಸಿಗೆ ರಜೆ ಹಾಕಿ, ಈಗ ಸೆಂಬವಾಂಗಿಗೆ ಹೋಗುವ ಎಂಆರ್‌ಟಿ ರೈಲಿನಲ್ಲಿ ಕೂತು ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ. ಆ ಹುಡುಗಿ ಗಾಡಿಯಿಂದ ಇಳಿದಳೋ ಇಲ್ಲವೋ, ಯಾರಾದರೂ ನನಗೆ ಹೇಳಲೇಬೇಕು.